ಆರ್‌ಎಕ್ಸ್ ಅನ್ನು ಮಣ್ಣಿಗಿಳಿಸುವುದು: ಟೂ ಸ್ಟ್ರೋಕ್ ಇಟ್ಟುಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಒಂದೇ ವರ್ಷದಲ್ಲಿ ಮೂರು ಪಿಸ್ಟನ್ ತಿಂದ ಯಮಹಾ ಆರ್‌ಎಕ್ಸ್ ಬೈಕು ನನ್ನದು. ಮೊದಲನೆಯದು ಹೋದಾಗ ಟೂಟಿ ಆಯಿಲ್ (ಪೆಟ್ರೋಲಿನ ಜೊತೆ ಉರಿಯುವ ಟೂ ಸ್ಟ್ರೋಕ್ ಎಣ್ಣೆ) ಕಲಬೆರಕೆ ಎಂದೆ. ಎರಡನೆಯದಕ್ಕೆ ಲೇತಿನವನು ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳತೂತು) ಬಿಗಿ ಮಾಡಿದ್ದಾನೆ ಎಂದೆ. ಮೂರನೆಯ ಸಲ ತೋಟದ ಇಳಿಜಾರಿನಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡು ನನ್ನನ್ನು ಕಾಳುಮೆಣಸಿನ ಬಳ್ಳಿ ಬುಡಕ್ಕೆ ಎಸೆದಾಗ ದೂರಲು ಯಾರೂ ಉಳಿದಿರಲಿಲ್ಲ. ಮೂಡಿಗೆರೆಯ ಮೆಕ್ಯಾನಿಕ್ ಅಣ್ಣ ಸಿಲಿಂಡರ್ ಬಿಚ್ಚಿ, ಪಿಸ್ಟನ್ನಿನ ಗೀರುಗಳ ಮೇಲೆ ಉಗುರು ಎಳೆದು ನೋಡಿ, "ಇದು ತಾನಾಗಿ ಹಿಡ್ಕೊಳ್ಳಲ್ಲ ಮಾರಾಯ. ಎಲ್ಲೋ ಕಳ್ಳಗಾಳಿ ಕುಡೀತಿದೆ" ಅಂದರು.

ಆ ಕಳ್ಳಗಾಳಿ ಎಂಬ ಮಾತು ಅರ್ಥವಾದ ದಿನದಿಂದ ನನ್ನ ಗಾಡಿ ಹಿಡಿದುಕೊಂಡಿಲ್ಲ, ಅಂದರೆ ಪಿಸ್ಟನ್ ಬೋರಿನಲ್ಲಿ ಕಚ್ಚಿಕೊಂಡು ನಿಂತಿಲ್ಲ. ಟೂ ಸ್ಟ್ರೋಕ್ ನಾಜೂಕು, ಬಾಳಿಕೆ ಬರುವುದಿಲ್ಲ ಎನ್ನುವವರ ಮಾತು ನಂಬಬೇಡಿ. ಅದು ಉಸಿರಾಡುವ ದಾರಿ ಒಂದನ್ನು ಕಾದುಕೊಂಡರೆ ಕೆಸರಲ್ಲಿ, ಕಲ್ಲಲ್ಲಿ, ಹೊಳೆಯಲ್ಲಿ ಎಲ್ಲಿ ಬೇಕಾದರೂ ಓಡುತ್ತದೆ.

ಯಾವ ಗಾಡಿ

ಹೊರದೇಶಗಳಲ್ಲಿ ಟೂ ಸ್ಟ್ರೋಕ್ ಡರ್ಟ್ ಬೈಕ್ ಎಂದರೆ ಕೆಟಿಎಂ 300, ಯಮಹಾ ವೈಜೆಡ್ 250 ಮುಂತಾದ, ಮಣ್ಣಿಗೆಂದೇ ಹುಟ್ಟಿದ ಗಾಡಿಗಳು. ಅಂಥವನ್ನು ಇಲ್ಲಿಗೆ ತರಿಸಿಕೊಂಡರೆ ಕಾರಿನ ದುಡ್ಡು, ರಸ್ತೆಗೆ ನೋಂದಣಿಯೂ ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆ ಮಣ್ಣಿನ ಟೂ ಸ್ಟ್ರೋಕ್ ಎಂದರೆ ಹಳೆಯ ರಸ್ತೆಗಾಡಿಯನ್ನು ಬದಲಾಯಿಸಿದ್ದು, ಹೆಚ್ಚಿನ ಪಾಲು ಯಮಹಾ ಆರ್‌ಎಕ್ಸ್.

ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿಸಿ, 11 ಕುದುರೆ ಶಕ್ತಿ, ತೂಕ ಹೆಚ್ಚುಕಮ್ಮಿ ನೂರು ಕಿಲೋ. ಆಮೇಲೆ ಬಂದ ಆರ್‌ಎಕ್ಸ್ 135ರದ್ದು ಅದೇ 50ರ ಸ್ಟ್ರೋಕ್, ಬೋರ್ ಮಾತ್ರ 58. ಅದರಲ್ಲಿ ನಾಲ್ಕು ಗೇರಿನದೂ ಇದೆ, ಐದು ಗೇರಿನದೂ ಇದೆ. ಮಣ್ಣಿಗೆ ನನ್ನ ಓಟು 135ಕ್ಕೆ. ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಜಾಸ್ತಿ, ಏರಿನಲ್ಲಿ ಅದು ಗೊತ್ತಾಗುತ್ತದೆ. ಚೊಕ್ಕವಾಗಿ ಉಳಿದಿರುವ ಆರ್‌ಎಕ್ಸ್ 100 ಸಿಕ್ಕರೆ ದಯವಿಟ್ಟು ಅದನ್ನು ಕತ್ತರಿಸಬೇಡಿ, ಪ್ರೀತಿಯಿಂದ ಒರೆಸಿಡುವವರಿಗೆ ಬಿಟ್ಟುಬಿಡಿ. ಟ್ಯಾಂಕ್ ಜಜ್ಜಿದ, ಸೀಟ್ ಹರಿದ, ಯಾರೂ ಕಣ್ಣೆತ್ತಿ ನೋಡದ ಗಾಡಿ ನಮಗೆ ಸಾಕು.

ಸುಜುಕಿ ಶೋಗನ್, ಮ್ಯಾಕ್ಸ್ 100 ಕೂಡ ಆಗುತ್ತವೆ, ಬಿಡಿಭಾಗಕ್ಕೆ ಅಲೆಯಬೇಕು. ನಮ್ಮ ಮೈಸೂರಿನ ಹಳೆಯ ಯೆಜ್ಡಿ 250 ಸಿಸಿಯದು. ಕೆಸರಿನಲ್ಲಿ ಎಮ್ಮೆಯ ಹಾಗೆ ನಿಧಾನಕ್ಕೆ ನಡೆದೇ ಹೋಗುತ್ತದೆ. ಬಿದ್ದರೆ ಎತ್ತಿ ನಿಲ್ಲಿಸಲು ಇನ್ನೊಬ್ಬ ಬೇಕು.

ಉಸಿರಾಡುವ ಬಗೆ

ಇದನ್ನು ಹಾರಿಸಿ ಮುಂದೆ ಓದಬೇಡಿ. ಫೋರ್ ಸ್ಟ್ರೋಕ್ ಎಂಜಿನ್ನಿನ ತಳದಲ್ಲಿ ಆಯಿಲ್ ತುಂಬಿರುತ್ತದೆ. ಟೂ ಸ್ಟ್ರೋಕಿನ ಕ್ರ್ಯಾಂಕ್ ಕೋಣೆಯಲ್ಲಿ ಅದಿಲ್ಲ. ಪಿಸ್ಟನ್ ಮೇಲೆ ಹೋಗುವಾಗ ಆ ಕೋಣೆ ಕಾರ್ಬುರೇಟರ್ ಕಡೆಯಿಂದ ಪೆಟ್ರೋಲ್, ಗಾಳಿ, ಟೂಟಿ ಆಯಿಲ್ ಮೂರನ್ನೂ ಒಟ್ಟಿಗೆ ಒಳಗೆಳೆದುಕೊಳ್ಳುತ್ತದೆ. ಹಿಂದಕ್ಕೆ ಹೋಗದಂತೆ ರೀಡ್ ವಾಲ್ವಿನ ತೆಳು ತಗಡುಗಳು ಬಾಗಿಲು ಹಾಕುತ್ತವೆ. ಪಿಸ್ಟನ್ ಕೆಳಗಿಳಿದಾಗ ಆ ಮಿಶ್ರಣ ಪಕ್ಕದ ಪೋರ್ಟುಗಳಿಂದ (ಸಿಲಿಂಡರ್ ಗೋಡೆಯ ಕಿಂಡಿಗಳಿಂದ) ಮೇಲಕ್ಕೆ ನುಗ್ಗುತ್ತದೆ. ಕ್ರ್ಯಾಂಕಿನ ಬೇರಿಂಗು, ಕನೆಕ್ಟಿಂಗ್ ರಾಡು, ಪಿಸ್ಟನ್, ರಿಂಗು, ಎಲ್ಲಕ್ಕೂ ಎಣ್ಣೆ ಸಿಗುವುದು ಈ ಹಾದಿಯಲ್ಲಿ ಹೋಗುವಾಗ ಅಂಟಿಕೊಂಡಷ್ಟೇ.

ಇದರಿಂದ ಎರಡು ಪಾಠ. ಒಂದು, ಥ್ರಾಟಲ್ ಮುಚ್ಚಿದರೆ ಎಣ್ಣೆಯೂ ಹೆಚ್ಚುಕಡಿಮೆ ಬಂದ್. ಇನ್ನೊಂದು, ಕಾರ್ಬುರೇಟರ್ ಬಿಟ್ಟು ಬೇರೆ ಎಲ್ಲಿಂದ ಗಾಳಿ ಒಳಗೆ ಬಂದರೂ ಅದು ಪೆಟ್ರೋಲಿಲ್ಲದ, ಎಣ್ಣೆಯಿಲ್ಲದ ಒಣಗಾಳಿ. ಮಿಶ್ರಣ ತೆಳುವಾಗುತ್ತದೆ, ಉರಿ ಬಿಸಿಯಾಗುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಬೀಡುಕಬ್ಬಿಣದ ಬೋರಿಗೆ ಕಚ್ಚಿಕೊಳ್ಳುತ್ತದೆ. ಅಣ್ಣ ಹೇಳಿದ ಕಳ್ಳಗಾಳಿ ಅದೇ.

ಕೊಳ್ಳುವ ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಾಯಿತ ಗಾಡಿಯನ್ನು ಕಂಪನಿಯ ಮೂಲ ವಿವರದಿಂದ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿತು. ಸೈಲೆನ್ಸರ್ ಬದಲಿಸಿ, ಲೈಟು ಕಿತ್ತು, ಗುಬುಟು ಟೈರು (ಮಣ್ಣು ಕಚ್ಚುವ ದಪ್ಪ ಗುಬುಟುಗಳ ಟೈರು) ಹಾಕಿದ ಆರ್‌ಎಕ್ಸ್ ರಸ್ತೆಗೆ ಬಂದರೆ ಪೊಲೀಸರು ಹಿಡಿದದ್ದು ತಪ್ಪಲ್ಲ. ಆದ್ದರಿಂದ ಮೊದಲೇ ತೀರ್ಮಾನ ಮಾಡಿ: ಗಾಡಿ ರಸ್ತೆಗೋ, ಮಣ್ಣಿಗೋ? ಮಣ್ಣಿಗೆ ಎಂದಾದರೆ ಅದು ನಿಮ್ಮ ತೋಟದ ಬೇಲಿಯೊಳಗೆ ಅಥವಾ ಟ್ರ್ಯಾಕಿನಲ್ಲಿ ಮಾತ್ರ ಓಡಲಿ, ಅಲ್ಲಿಗೆ ಪಿಕಪ್ಪಿನಲ್ಲಿ ಹಗ್ಗ ಬಿಗಿದು ಸಾಗಿಸಿ. ಹಾಗಿದ್ದರೂ ಆರ್‌ಸಿ ಇಟ್ಟುಕೊಂಡಿರಿ. ಎಂಜಿನ್ ನಂಬರು, ಚಾಸಿ ನಂಬರು ಎರಡೂ ಅದಕ್ಕೆ ಹೊಂದದ ಗಾಡಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ. ಕದ್ದ ಆರ್‌ಎಕ್ಸ್‌ಗಳ ಕಥೆ ನಮ್ಮಲ್ಲಿ ಬೇಕಾದಷ್ಟಿದೆ.

ಮೀಸಲು ಅರಣ್ಯ, ರಾಷ್ಟ್ರೀಯ ಉದ್ಯಾನಗಳ ವಿಷಯದಲ್ಲಿ ಚರ್ಚೆಯೇ ಇಲ್ಲ. ಕುದುರೆಮುಖದ ಶೋಲಾ ಹುಲ್ಲುಗಾವಲಿನ ಮೇಲೆ ಒಮ್ಮೆ ಗುಬುಟು ಟೈರು ಉಜ್ಜಿದರೆ ಆ ಗೆರೆ ಮಳೆಗಾಲದಲ್ಲಿ ಚರಂಡಿಯಾಗುತ್ತದೆ. ಕೇಸು ಬೀಳುವುದು ಆಮೇಲಿನ ಮಾತು.

ಟ್ರ್ಯಾಕಿನಲ್ಲೇ ಕಲಿಯುತ್ತೇನೆ ಎನ್ನುವವರಿಗೆ ಕೋಲಾರದ ಹತ್ತಿರ ಬಿಗ್‌ರಾಕ್ ಡರ್ಟ್‌ಪಾರ್ಕ್ ಇದೆ, ಸಿ.ಎಸ್. ಸಂತೋಷ್ ಕಟ್ಟಿದ್ದು. 2015ರಲ್ಲಿ ಮರುಭೂಮಿಯ ಕಠಿಣ ಓಟವಾದ ಡಾಕರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಅವರೇ. ಸ್ಪರ್ಧೆಗೆ ಇಳಿಯುವುದಾದರೆ ದೇಶದ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು.

ನೋಡಿ ಕೊಳ್ಳುವುದು

"ಬರುವ ಮೊದಲು ಸ್ಟಾರ್ಟ್ ಮಾಡಬೇಡಿ" ಎಂದು ಫೋನಿನಲ್ಲೇ ಹೇಳಿಡಿ. ಹೋದ ಕೂಡಲೇ ಮೊದಲ ಕೆಲಸ, ಸಿಲಿಂಡರಿನ ರೆಕ್ಕೆಗಳ ಮೇಲೆ ಅಂಗೈ ಇಡುವುದು. ಬೆಚ್ಚಗಿದ್ದರೆ ಮಾರುವವರು ಏನನ್ನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿನ ಎಂಜಿನ್ ಚೋಕ್ ಹಾಕಿ ಮೂರ್ನಾಲ್ಕು ಕಿಕ್ಕಿಗೆ ಬರಬೇಕು.

ಕಿಕ್ಕರನ್ನು ಕೈಯಲ್ಲಿ ಒತ್ತಿ ನೋಡಿ, ಬಿಗಿಯಾಗಿ ಎದುರು ಒತ್ತಬೇಕು. ಸ್ಟಾರ್ಟ್ ಆದ ಮೇಲೆ ಒಮ್ಮೆ ರೇಸ್ ಕೊಟ್ಟು ಬಿಡಿ. ಐಡ್ಲಿಂಗ್ ತಟ್ಟನೆ ಇಳಿಯಬೇಕು. ಮೇಲೆಯೇ ತೇಲಾಡಿ ನಿಧಾನ ಇಳಿದರೆ ಕಳ್ಳಗಾಳಿ. ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದು, ಗೇರ್ ಆಯಿಲ್ ಕಡಿಮೆಯಾಗುತ್ತಿದೆ ಎಂದಾದರೆ ಕ್ಲಚ್ ಬದಿಯ ಕ್ರ್ಯಾಂಕ್ ಸೀಲ್ (ಕ್ರ್ಯಾಂಕಿನ ತುದಿಯಲ್ಲಿ ಗಾಳಿ, ಎಣ್ಣೆ ತಡೆಯುವ ರಬ್ಬರ್ ಬಳೆ) ಹೋಗಿದೆ, ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ. ಕೆಳಗಿನಿಂದ ಲೊಟ ಲೊಟ ಸದ್ದು ಬಂದರೆ ಕ್ರ್ಯಾಂಕ್ ಕೆಲಸ, ಅದು ದುಬಾರಿ. ಮೇಲಿನಿಂದ ಕಟಕಟ ಎಂದರೆ ಪಿಸ್ಟನ್ ಕೆಲಸ, ಹೆದರಬೇಡಿ, ಹೇಗೂ ಬಿಚ್ಚುತ್ತೇವೆ.

ಚಾಸಿಯಲ್ಲಿ ಹ್ಯಾಂಡಲಿನ ಕುತ್ತಿಗೆ ಮತ್ತು ಸ್ವಿಂಗ್ ಆರ್ಮ್ ಕೂರುವ ಜಾಗ, ಈ ಎರಡು ಕಡೆ ಹೊಸ ಪೇಂಟ್ ಕಂಡರೆ ಕೆರೆದು ನೋಡಲು ಬಿಡಿ ಎನ್ನಿ. ಬಿಡದಿದ್ದರೆ ಕಾಫಿ ಕುಡಿದು ಬಂದುಬಿಡಿ.

ಬಿ.ಪಿ. ಮಿಷನ್ನಿನ ಪರೀಕ್ಷೆ

ಗಾಡಿ ಮನೆಗೆ ತಂದ ಮೇಲೆ ಪೋರ್ಟಿಂಗು (ಪೋರ್ಟುಗಳನ್ನು ಉಜ್ಜಿ ಆಕಾರ ಬದಲಿಸುವುದು), ಸೈಲೆನ್ಸರ್ ಎಂದು ಓಡಬೇಡಿ. ಮೊದಲು ಎಂಜಿನ್ ಗಾಳಿ ಹಿಡಿಯುತ್ತದೆಯೇ ನೋಡಿ. ಇದಕ್ಕೆ ಬೇಕಾದ ಒತ್ತಡ ಬಹಳ ಕಡಿಮೆ, 6 ಪಿಎಸ್‌ಐ ಮಾತ್ರ. ಟೈರಿನ ಗೇಜಿನಲ್ಲಿ ಅಷ್ಟು ಸಣ್ಣ ಅಳತೆ ಸರಿಯಾಗಿ ಕಾಣುವುದಿಲ್ಲ. ಆದರೆ ಡಯಲ್ ಇರುವ ಬಿ.ಪಿ. ಮಿಷನ್ನಿನ ಕೊನೆಯ ಅಂಕೆ 300, ಅದು ಸರಿಸುಮಾರು 5.8 ಪಿಎಸ್‌ಐ. ಈ ಕೆಲಸಕ್ಕೆಂದೇ ಮಾಡಿದ ಹಾಗಿದೆ. ನಾನು ಅಮ್ಮನ ಮಿಷನ್ ತೆಗೆದುಕೊಂಡು ಹೋಗಿ ಶೆಡ್ಡಿನಲ್ಲಿ ಕೂತಾಗ ಅಮ್ಮ ಬಾಗಿಲಲ್ಲಿ ನಿಂತು, "ಅದಕ್ಕೂ ಬಿ.ಪಿ. ಬಂತೇನೋ?" ಅಂದಿದ್ದರು.

1. ಸೈಲೆನ್ಸರ್, ಕಾರ್ಬುರೇಟರ್ ಬಿಚ್ಚಿ. ಎಕ್ಸಾಸ್ಟ್ ಬಾಯಿಗೆ ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟು ಮೇಲೊಂದು ದಪ್ಪ ತಗಡು ಹಾಕಿ ಬಿಗಿಯಿರಿ.

2. ಕಾರ್ಬುರೇಟರ್ ಕೂರುವ ರಬ್ಬರ್ ಜಾಯಿಂಟ್ ಅಲ್ಲೇ ಇರಲಿ, ಅದರ ಪರೀಕ್ಷೆಯೂ ಆಗಬೇಕು. ಅದರ ಬಾಯಿಗೆ ರಬ್ಬರ್ ಬಿರಡೆ ಹಾಕಿ, ಬಿರಡೆಯ ನಡುವೆ ಸಣ್ಣ ನಳಿಕೆ ತೂರಿಸಿ ಕ್ಲಿಪ್ ಬಿಗಿಯಿರಿ.

3. ಬಿ.ಪಿ. ಮಿಷನ್ನಿನ ತೋಳುಪಟ್ಟಿ ಕಳಚಿ. ಗಾಳಿ ಒತ್ತುವ ಬಲ್ಬಿನ ಟ್ಯೂಬು, ಡಯಲಿನ ಟ್ಯೂಬು ಎರಡನ್ನೂ ಮೂರು ಬಾಯಿಯ ಜಾಯಿಂಟಿನಿಂದ ಆ ನಳಿಕೆಗೆ ಸೇರಿಸಿ. ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಈ ಜಾಯಿಂಟು ಸಿಗುತ್ತದೆ.

4. ಪ್ಲಗ್ ಬಿಗಿಯಾಗಿರಲಿ. ಪಿಸ್ಟನ್ನನ್ನು ಪೂರ್ತಿ ಕೆಳಕ್ಕೆ ತನ್ನಿ, ಆಗ ಕ್ರ್ಯಾಂಕ್ ಕೋಣೆಯೂ ಸಿಲಿಂಡರೂ ಒಂದಾಗುತ್ತವೆ. ಎಡಗಡೆ ಮ್ಯಾಗ್ನೆಟ್ (ಕ್ರ್ಯಾಂಕಿನ ತುದಿಯಲ್ಲಿ ಕರೆಂಟು ಹುಟ್ಟಿಸುವ ಚಕ್ರ) ಬಿಚ್ಚಿ ಒಳಗಿನ ಸೀಲ್ ಕಾಣುವಂತೆ ಮಾಡಿ.

5. ನಿಧಾನಕ್ಕೆ 300ಕ್ಕೆ ಏರಿಸಿ. ಮುಂದೆ ಒಂದು ಒತ್ತೂ ಬೇಡ, ಸೀಲ್ ಜಾಗ ಬಿಟ್ಟು ಹೊರಗೆ ಬರಬಹುದು. ಆರು ನಿಮಿಷ ಕಾಯಿರಿ. ಮುಳ್ಳು ಅಲ್ಲಾಡದಿದ್ದರೆ ಹಬ್ಬ. ನಿಮಿಷಕ್ಕೆ 50ರಷ್ಟು ಇಳಿದರೆ ಇದೇ ಕೊನೆಯ ಮಿತಿ, ಅದಕ್ಕಿಂತ ಬೇಗ ಇಳಿದರೆ ಹಾಗೇ ಓಡಿಸುವಂತಿಲ್ಲ.

6. ಸೋಪಿನ ನೀರು ಬ್ರಷ್ಷಿನಲ್ಲಿ ಹಚ್ಚುತ್ತಾ ಹೋಗಿ: ಹೆಡ್ಡು, ಸಿಲಿಂಡರಿನ ಬುಡ, ರೀಡ್ ವಾಲ್ವ್ ಪೆಟ್ಟಿಗೆ, ರಬ್ಬರ್ ಜಾಯಿಂಟು, ಪ್ಲಗ್, ಮ್ಯಾಗ್ನೆಟ್ ಸೀಲು. ಗುಳ್ಳೆ ಎದ್ದ ಕಡೆ ಕಳ್ಳ ಇದ್ದಾನೆ. ಎಲ್ಲೂ ಗುಳ್ಳೆ ಇಲ್ಲದೆಯೂ ಮುಳ್ಳು ಇಳಿದರೆ ಗೇರ್ ಆಯಿಲ್ ಹಾಕುವ ಬಾಯಿಗೆ ಕಿವಿಯಿಡಿ, ಕ್ಲಚ್ ಬದಿಯ ಸೀಲ್ ಅಲ್ಲಿ ಊದುತ್ತಿರುತ್ತದೆ.

ನನ್ನದರಲ್ಲಿ ಮ್ಯಾಗ್ನೆಟ್ ಹಿಂದೆ, ಸೀಲಿನ ತುಟಿಯ ಒಂದೇ ಬದಿಯಿಂದ, ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಬರುತ್ತಿದ್ದವು. ಬೆರಳಿನಿಂದ ಒರೆಸಿದರೆ ಮತ್ತೆ ಅಲ್ಲೇ. ಮೂರು ಪಿಸ್ಟನ್, ಎರಡು ಸಲ ಬೋರ್, ಒಂದು ಭುಜದ ನೋವಿಗೆ ಕಾರಣವಾದ ಆ ಸೀಲಿನ ಬೆಲೆ ಒಂದು ಪ್ಲೇಟ್ ಬಿರಿಯಾನಿಗಿಂತ ಕಡಿಮೆ. ಎರಡೂ ಬದಿಯ ಸೀಲ್ ಒಟ್ಟಿಗೆ ಹೊಸದು ಹಾಕಿಸಿ, ಇಪ್ಪತ್ತು ಮೂವತ್ತು ವರ್ಷ ಹಳೆಯ ರಬ್ಬರ್ ಅದು. ಕಾರ್ಬುರೇಟರಿನ ರಬ್ಬರ್ ಜಾಯಿಂಟನ್ನು ಬೆರಳಲ್ಲಿ ಬಗ್ಗಿಸಿ ನೋಡಿ, ಒಳಬದಿಯಲ್ಲಿ ಕೂದಲೆಳೆ ಬಿರುಕು ಕಂಡರೂ ಬಿಸಾಡಿ.

ಪೆಟ್ರೋಲಿಗೆ ಎಣ್ಣೆ ಬೆರೆಸುವುದು

ಆರ್‌ಎಕ್ಸ್‌ನಲ್ಲಿ ಟೂಟಿ ಆಯಿಲಿಗೆ ಬೇರೆ ಟ್ಯಾಂಕು, ಅದನ್ನು ಎತ್ತಲು ಸಣ್ಣ ಪಂಪು ಇರುತ್ತದೆ. ರಸ್ತೆಗೆ ಅದು ಚೆನ್ನ. ಮಣ್ಣಿನಲ್ಲಿ ದಿನವಿಡೀ ಉರುಳಾಡುವ ಗಾಡಿಗೆ ಹಳೆ ಪಂಪನ್ನು ನಂಬುವುದು ನನಗೆ ಸರಿ ಕಾಣುವುದಿಲ್ಲ. ಅದು ಕೈಕೊಟ್ಟರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತೆಗೆದು, ಯೆಜ್ಡಿಯ ಹಾಗೆ ಪೆಟ್ರೋಲಿಗೇ ಬೆರೆಸಿ. ಪಂಪ್ ತೆಗೆದ ಮೇಲೆ ಎಣ್ಣೆ ನಳಿಕೆ ಬಂದು ಸೇರುತ್ತಿದ್ದ ತೂತನ್ನು ಗಟ್ಟಿಯಾಗಿ ಮುಚ್ಚಲು ಮರೆಯಬೇಡಿ. ಅದೂ ಕಳ್ಳಗಾಳಿಯ ಬಾಗಿಲೇ.

ಎಷ್ಟು ಬೆರೆಸಬೇಕು? ಲೀಟರಿಗೆ 20 ಮಿ.ಲೀ. ಎಂದರೆ 50:1, 25 ಎಂದರೆ 40:1, 33 ಎಂದರೆ 30:1. ತೋಟದ ಓಡಾಟಕ್ಕೆ ನಾನು ಲೀಟರಿಗೆ 25 ಹಾಕುತ್ತೇನೆ, ಟ್ರ್ಯಾಕಿನಲ್ಲಿ ಇಡೀ ದಿನ ಹಿಂಡುವುದಾದರೆ 30. ಯೆಜ್ಡಿಯವರು ಹಳೆಯ ಲೆಕ್ಕದಂತೆ 40 ಹಾಕುತ್ತಾರೆ. ಅಂದಾಜಿಗೆ ಸುರಿಯಬೇಡಿ. ಮೆಡಿಕಲ್ಲಿನಲ್ಲಿ 50 ಮಿ.ಲೀ. ಸಿರಿಂಜ್ ಸಿಗುತ್ತದೆ. ಬೇರೆ ಕ್ಯಾನಿನಲ್ಲಿ ಬೆರೆಸಿ, ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಹಾಕಿ.

"ಎಣ್ಣೆ ಒಂಚೂರು ಜಾಸ್ತಿಯೇ ಇರಲಿ, ಎಂಜಿನ್ನಿಗೆ ಒಳ್ಳೇದು" ಎನ್ನುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ಒಂದೇ ಗಾತ್ರದ್ದು. ಅದರಲ್ಲಿ ಎಣ್ಣೆ ಹೆಚ್ಚು ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ತೆಳುವಾಗುತ್ತದೆ. ಎಣ್ಣೆಯ ಪ್ರಮಾಣ ಬದಲಿಸಿದರೆ ಜೆಟ್ಟನ್ನೂ ನೋಡಬೇಕು.

ಡಬ್ಬಿಯ ಮೇಲೆ ಜಪಾನಿನ ಗುಣಮಟ್ಟದ ಗುರುತಾದ ಜಾಸೋ ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ. ಎಫ್‌ಡಿಯಲ್ಲಿ ಮಸಿ ಕಡಿಮೆ. ಟಿಸಿ-ಡಬ್ಲ್ಯೂ3 ಎಂದಿದ್ದರೆ ಅದು ದೋಣಿ ಎಂಜಿನ್ನಿನದು, ಗಾಳಿಯಲ್ಲಿ ತಣಿಯುವ ನಮ್ಮ ಎಂಜಿನ್ನಿನ ಬಿಸಿಗೆ ತಡೆಯುವುದಿಲ್ಲ. ಮಲ್ಪೆ ಕಡೆಯ ಗೆಳೆಯರು ಕಡಿಮೆಗೆ ಕೊಡಿಸುತ್ತೇನೆಂದರೂ ಬೇಡ.

ಇನ್ನು ಪೆಟ್ರೋಲ್. 2025ರಿಂದ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥೆನಾಲ್. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ. ಮೇನ್ ಜೆಟ್ ಒಂದು ಸೈಜು ದೊಡ್ಡದು ಹಾಕಿ ಶುರು ಮಾಡಿ. ಅದು ಗಾಳಿಯ ತೇವವನ್ನೂ ಹೀರುತ್ತದೆ, ಹಳೆ ರಬ್ಬರನ್ನೂ ಉಬ್ಬಿಸುತ್ತದೆ. ಪೆಟ್ರೋಲ್ ಕಾಕಿನ ವಾಷರು, ಪೈಪು ಹೊಸದಾಗಲಿ. ಬೆರೆಸಿದ ಪೆಟ್ರೋಲ್ ತಿಂಗಳಿಗಿಂತ ಹೆಚ್ಚು ಇಡಬೇಡಿ.

ಏರ್ ಫಿಲ್ಟರ್

ಪ್ರತಿ ಓಟದ ನಂತರ ತೆಗೆಯಬೇಕು. ಪ್ರತಿ ಓಟದ ನಂತರ. ಫೋಮನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅಂಗೈಗಳ ನಡುವೆ ಒತ್ತಿ. ಬಟ್ಟೆಯ ಹಾಗೆ ಹಿಂಡಿದರೆ ಅಂಟು ಬಿಡುತ್ತದೆ. ಆಮೇಲೆ ಸೋಪುನೀರು, ನೆರಳಲ್ಲಿ ಒಣಗಿಸುವುದು, ಪೂರ್ತಿ ಒಣಗಿದ ಮೇಲೆ ಫಿಲ್ಟರ್ ಆಯಿಲ್. ಅದು ಸಿಗದಿದ್ದರೆ ಗೇರ್ ಆಯಿಲನ್ನು ಹಚ್ಚಿ, ಒತ್ತಿ, ಹೆಚ್ಚಿನದನ್ನು ತೆಗೆಯಿರಿ. ಕೂರುವ ಅಂಚಿಗೆ ಸ್ವಲ್ಪ ಗ್ರೀಸ್. ಫಿಲ್ಟರ್ ತೆಗೆದರೆ ಪಿಕಪ್ ಜಾಸ್ತಿ ಎಂಬ ಹುಡುಗರ ಮಾತು ಕೇಳಿ ಕೋಲಾರದ ಕೆಂಪು ದೂಳಿನಲ್ಲಿ ಒಂದು ದಿನ ಓಡಿಸಿದವರ ಪಿಸ್ಟನ್ ನೋಡಿದ್ದೇನೆ. ಮರಳು ಕಾಗದದಲ್ಲಿ ತಿಕ್ಕಿದಂತಿತ್ತು.

ಕಾರ್ಬುರೇಟರ್, ಮತ್ತು ಘಾಟಿ ಇಳಿಯುವವರಿಗೆ ಒಂದು ಮಾತು

ಥ್ರಾಟಲನ್ನು ನಾಲ್ಕು ಭಾಗ ಮಾಡಿಕೊಳ್ಳಿ. ಮೊದಲ ಕಾಲುಭಾಗ ಪೈಲಟ್ ಜೆಟ್ಟು ಮತ್ತು ಏರ್ ಸ್ಕ್ರೂ ಕೈಯಲ್ಲಿ, ನಡುವಿನ ಎರಡು ಭಾಗ ಸೂಜಿಯ ಕೈಯಲ್ಲಿ, ಕೊನೆಯದು ಮೇನ್ ಜೆಟ್ಟಿನ ಕೈಯಲ್ಲಿ. ತೊಂದರೆ ಯಾವ ಭಾಗದಲ್ಲಿದೆಯೋ ಅದರ ವಸ್ತುವನ್ನು ಮಾತ್ರ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಸರಿಯಿದೆಯೇ ಎಂದು ಪ್ಲಗ್ ಹೇಳುತ್ತದೆ. ಹೊಸ ಪ್ಲಗ್ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಒಂದು ನೇರ ದಾರಿಯಲ್ಲಿ ಪೂರ್ತಿ ಥ್ರಾಟಲ್ ಎಳೆದು, ಒಮ್ಮೆಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಪಿಂಗಾಣಿ ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಸರಿ. ಬರೀ ಡಿಕಾಕ್ಷನ್ ಹಾಗೆ ಕಪ್ಪಗೆ, ಒದ್ದೆಯಾಗಿದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದಂತೆ ಬೆಳ್ಳಗಿದ್ದರೆ ಆ ದಿನ ಮತ್ತೆ ಓಡಿಸಬೇಡಿ.

ಮಲೆನಾಡಿನವರಿಗೆ ಒಂದು ಎಚ್ಚರಿಕೆ. ಮೂಡಿಗೆರೆ ಸಮುದ್ರಮಟ್ಟದಿಂದ ಸಾವಿರ ಮೀಟರ್ ಹತ್ತಿರ ಇದೆ. ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಶೇ 10ರ ಆಸುಪಾಸು ತೆಳು. ಇಲ್ಲಿ ಅಚ್ಚುಕಟ್ಟಾಗಿ ಕೂರಿಸಿದ ಜೆಟ್ಟು ಚಾರ್ಮಾಡಿ ಘಾಟಿ ಇಳಿಸಿಕೊಂಡು ಹೋಗಿ ಕೆಳಗಿನ ಡರ್ಟ್ ಟ್ರ್ಯಾಕಿನಲ್ಲಿ ಓಡಿಸಿದರೆ, ಅಲ್ಲಿನ ದಟ್ಟ ಗಾಳಿಗೆ ಪೆಟ್ರೋಲ್ ಸಾಲುವುದಿಲ್ಲ. ಕೆಳಗೆ ಹೋಗುವಾಗ ಜೆಟ್ಟು ಒಂದು ಸೈಜು ದೊಡ್ಡದಿರಲಿ. ಅಲ್ಲಿಯವರು ಮೇಲೆ ಬಂದರೆ ಭಯವಿಲ್ಲ, ಗಾಡಿ ಸ್ವಲ್ಪ ಗೊಣಗುತ್ತದೆ ಅಷ್ಟೆ. ಡಿಸೆಂಬರ್ ಬೆಳಗಿನ ಚಳಿಯಲ್ಲೂ ಗಾಳಿ ದಟ್ಟ ಎಂಬುದು ನೆನಪಿರಲಿ.

ಮಣ್ಣಿಗೆ ಬೇಕಾದ ಬದಲಾವಣೆ

ದುಡ್ಡನ್ನು ಮೊದಲು ಎಂಜಿನ್ನಿಗೆ ಹಾಕಬೇಡಿ. ಹಿಂದಿನ ಸ್ಪ್ರಾಕೆಟ್ ಮೂರ್ನಾಲ್ಕು ಹಲ್ಲು ದೊಡ್ಡದು, ಮುಂದೆ ಹಿಂದೆ ಗುಬುಟು ಟೈರು, ಗಟ್ಟಿ ಅಡ್ಡಪಟ್ಟಿ ಇರುವ ಅಗಲದ ಹ್ಯಾಂಡಲ್, ಹಲ್ಲಿರುವ ಫುಟ್‌ರೆಸ್ಟ್. ಇಷ್ಟರಲ್ಲೇ ಗಾಡಿ ಬೇರೆಯೇ ಆಗುತ್ತದೆ. ಟೈರಿನಲ್ಲಿ ಗಾಳಿ 12ರಿಂದ 15 ಪಿಎಸ್‌ಐ. ಅಷ್ಟು ಕಡಿಮೆ ಗಾಳಿಗೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ಬಾಯಿ ಕಿತ್ತುಬರುತ್ತದೆ, ರಿಮ್ ಲಾಕ್ ಹಾಕಿಸಲೇಬೇಕು. ಸೈಲೆನ್ಸರನ್ನು ಎತ್ತಿ ಕಟ್ಟುವಾಗ ಅದರ ಹೊಟ್ಟೆಯ ಆಕಾರ ಕೆಡಿಸಬೇಡಿ. ಟೂ ಸ್ಟ್ರೋಕಿನಲ್ಲಿ ಆ ಹೊಟ್ಟೆಯೊಳಗೆ ಹಿಂತಿರುಗುವ ಅಲೆಯೇ ಹೊರಹೋಗುವ ಮಿಶ್ರಣವನ್ನು ವಾಪಸು ಸಿಲಿಂಡರಿಗೆ ತಳ್ಳುವುದು. ಪೈಪ್ ಕತ್ತರಿಸಿದರೆ ಸದ್ದು ಹೆಚ್ಚುತ್ತದೆ, ಓಟ ಕಡಿಮೆಯಾಗುತ್ತದೆ.

ಮೈಗೆ: ಡರ್ಟ್ ಹೆಲ್ಮೆಟ್, ಗಾಗಲ್ಸ್, ಮೊಣಕಾಲು ಮೊಣಕೈ ಗಾರ್ಡು, ಕಣಕಾಲು ಬಿಗಿಯಾಗಿ ಹಿಡಿಯುವ ಬೂಟು. ಗಂಬೂಟ್ ಬೂಟಲ್ಲ. ಜೂನ್ ತಿಂಗಳಲ್ಲಿ ಹೊರಟರೆ ಕಾಲ್ಚೀಲಕ್ಕೆ ಉಪ್ಪು, ಹೊಗೆಸೊಪ್ಪಿನ ನೀರು ಹಚ್ಚಿ. ನಡು ಏರಿನಲ್ಲಿ ಜಿಗಣೆ ನೆನಪಾದರೆ ಬ್ಯಾಲೆನ್ಸ್ ಉಳಿಯುವುದಿಲ್ಲ.

ಓಡಿಸುವುದು

ಸ್ಟಾರ್ಟ್ ಮಾಡಿದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಡಿ, ಆಗಾಗ ಸ್ವಲ್ಪ ರೇಸ್ ಕೊಡುತ್ತಾ. ಪಿಸ್ಟನ್ ಬೇಗ ಹಿಗ್ಗುತ್ತದೆ, ಬೋರು ನಿಧಾನ. ಸಿಲಿಂಡರ್ ಬೆಚ್ಚಗಾಗುವ ಮೊದಲು ಹಿಂಡಿದರೆ ತಣ್ಣನೆಯ ಎಂಜಿನ್ನೂ ಹಿಡಿದುಕೊಳ್ಳುತ್ತದೆ.

ಕಲಿಯಲು ಕಾಫಿ ಕಣಕ್ಕಿಂತ ಒಳ್ಳೆಯ ಜಾಗವಿಲ್ಲ, ಕೊಯ್ಲು ಮುಗಿದ ಮೇಲೆ. ಎರಡು ಪ್ಲಾಸ್ಟಿಕ್ ಡಬ್ಬ ಇಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ಫಸ್ಟ್ ಗೇರಿನಲ್ಲಿ ನಿಂತುಕೊಂಡೇ ಸುತ್ತಿ. ಪಾದದ ಮುಂಭಾಗ ಫುಟ್‌ರೆಸ್ಟ್ ಮೇಲೆ, ಮೊಣಕಾಲು ಟ್ಯಾಂಕಿಗೆ ಒತ್ತಿರಲಿ, ಮೊಣಕೈ ಹೊರಕ್ಕೆ. ಎಡಗೈಯ ಒಂದು ಬೆರಳು ಸದಾ ಕ್ಲಚ್ಚಿನ ಮೇಲೆ. ಇದು ಅಭ್ಯಾಸವಾಗುವವರೆಗೆ ಕಣ ಬಿಟ್ಟು ಹೋಗಬೇಡಿ, ಆ ಬೆರಳೇ ಒಂದು ದಿನ ನಿಮ್ಮ ಹಲ್ಲು ಉಳಿಸುವುದು.

ಟೂ ಸ್ಟ್ರೋಕಿನ ಶಕ್ತಿ ಸಮವಾಗಿ ಬರುವುದಿಲ್ಲ. ಕೆಳಗೆ ಮಂಕಾಗಿ ಗೊರಗೊರ ಎನ್ನುತ್ತಿದ್ದದ್ದು ಒಂದು ಹಂತ ದಾಟಿದ ಕೂಡಲೇ ಕೀರಲು ದನಿ ತೆಗೆದು ಹಾರುತ್ತದೆ. ಏರಿನಲ್ಲಿ ಆ ಹಂತದಿಂದ ಕೆಳಗೆ ಬಿದ್ದರೆ ಥ್ರಾಟಲ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಕ್ಲಚ್ಚನ್ನು ಚಿಟಿಕೆಯಷ್ಟು ಒತ್ತಿ ಬಿಡಿ, ಎಂಜಿನ್ ಒಮ್ಮೆ ಮೇಲೇರಿ ಮತ್ತೆ ಎಳೆಯುತ್ತದೆ. ಹೀಗೆ ಕ್ಲಚ್ ತಿನ್ನಿಸುವುದರಿಂದ ಪ್ಲೇಟುಗಳ ಪುಡಿ ಗೇರ್ ಆಯಿಲಿಗೆ ಸೇರುತ್ತದೆ, ನಾಲ್ಕೈದು ಓಟಕ್ಕೊಮ್ಮೆ ಆಯಿಲ್ ಬದಲಿಸಿ.

ಇಳಿಜಾರು ಈ ಗಾಡಿಗೆ ಅಪಾಯದ ಜಾಗ. ಫೋರ್ ಸ್ಟ್ರೋಕ್ ಓಡಿಸಿ ಬಂದವರು ಗೇರಿನಲ್ಲಿಟ್ಟು, ಥ್ರಾಟಲ್ ಮುಚ್ಚಿ, ಎಂಜಿನ್ ಬ್ರೇಕಿನಲ್ಲಿ ಇಳಿಯುತ್ತಾರೆ. ಟೂ ಸ್ಟ್ರೋಕಿನಲ್ಲಿ ಎಂಜಿನ್ ಬ್ರೇಕ್ ಮೊದಲೇ ಕಡಿಮೆ. ಅದಕ್ಕಿಂತ ಮುಖ್ಯ, ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿದೆ, ಥ್ರಾಟಲ್ ಮುಚ್ಚಿರುವುದರಿಂದ ಎಣ್ಣೆ ಬರುತ್ತಿಲ್ಲ. ನನ್ನ ಮೂರನೆಯ ಪಿಸ್ಟನ್ ಹೋದದ್ದು ಸೀಲ್ ಸೋರುತ್ತಿದ್ದಾಗ ಇದನ್ನೇ ಮಾಡಿ. ಉದ್ದ ಇಳಿಜಾರಿನಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಥ್ರಾಟಲನ್ನು ಒಮ್ಮೆ ತೆರೆದು ಮುಚ್ಚಿ, ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಸಿಗುತ್ತದೆ. ವೇಗ ತಡೆಯುವುದು ಬ್ರೇಕಿನ ಕೆಲಸ. ಮೈ ಹಿಂದಕ್ಕೆ, ಮುಂದಿನ ಬ್ರೇಕು ಎರಡು ಬೆರಳಲ್ಲಿ ಹಿಂಡುತ್ತಾ.

ಹಿಡಿದುಕೊಳ್ಳುವ ಮೊದಲು ಎಂಜಿನ್ ಸುಳಿವು ಕೊಡುತ್ತದೆ. ಸದ್ದು ಒಣಗುತ್ತದೆ, ತಗಡಿನ ಡಬ್ಬದಲ್ಲಿ ಗೋಲಿ ಕುಲುಕಿದಂತೆ ಟಣಟಣ ಎನ್ನುತ್ತದೆ, ಯಾರೋ ಹಿಂದಿನಿಂದ ಹಿಡಿದೆಳೆದಂತೆ ಓಟ ಕುಗ್ಗುತ್ತದೆ. ಅದೇ ಕ್ಷಣ ಕ್ಲಚ್ ಹಿಡಿದುಬಿಡಿ. ಯೋಚಿಸಿ ಹಿಡಿಯಲು ಸಮಯವಿರುವುದಿಲ್ಲ.

ಕೆಸರಿನಲ್ಲಿ ಥ್ರಾಟಲ್ ಬಿಡಬೇಡಿ, ನೋಟ ಹತ್ತು ಮೀಟರ್ ಮುಂದಿರಲಿ, ಗಾಡಿ ಅತ್ತಿತ್ತ ಆಡಿದರೆ ಆಡಲಿ. ಜಂಬಿಟ್ಟಿಗೆ ಕಲ್ಲಿನ ಮೇಲೆ ಮಳೆ ಬಿದ್ದಿದ್ದರೆ ಬ್ರೇಕನ್ನೂ ತಿರುವನ್ನೂ ಒಟ್ಟಿಗೆ ಮಾಡಬೇಡಿ. ಹಳ್ಳ ದಾಟಿದ ಮೇಲೆ ಡ್ರಮ್ ಬ್ರೇಕಿಗೆ ನೀರು ಹೊಕ್ಕಿರುತ್ತದೆ, ಸ್ವಲ್ಪ ದೂರ ಬ್ರೇಕ್ ಒತ್ತಿಕೊಂಡೇ ಹೋಗಿ ಒಣಗಿಸಿ. ಎಂಜಿನ್ನೇ ನೀರು ಕುಡಿದರೆ ಕಿಕ್ ಹೊಡೆಯುತ್ತಾ ಕೂರಬೇಡಿ. ಪ್ಲಗ್ ಬಿಚ್ಚಿ, ಪೆಟ್ರೋಲ್ ಬಂದ್ ಮಾಡಿ, ಗಾಡಿಯನ್ನು ತಲೆಕೆಳಗೆ ಮಾಡಿ ಕಿಕ್ ಹೊಡೆದರೆ ನೀರು ಚಿಮ್ಮಿ ಹೊರಬರುತ್ತದೆ. ಬಿದ್ದು ಪೆಟ್ರೋಲ್ ತುಂಬಿಕೊಂಡಿದ್ದರೆ ಕಾಕ್ ಮುಚ್ಚಿ, ಚೋಕ್ ಇಲ್ಲದೆ, ಥ್ರಾಟಲ್ ಪೂರ್ತಿ ತೆರೆದು ಕಿಕ್ಕಿಸಿ.

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯವರು ಸಂಜೆ ಐದರ ಮೇಲೆ ಗಾಡಿ ಶೆಡ್ಡಿಗೆ ಹಾಕಿ. ನಮ್ಮ ಗಾಡಿಯ ಸದ್ದಿನಲ್ಲಿ ಆನೆಯ ಸದ್ದು ಕೇಳುವುದಿಲ್ಲ.

ಬಿಚ್ಚುವ ಕೆಲಸ

ಟೂ ಸ್ಟ್ರೋಕಿನ ಮೇಲ್ಭಾಗ ಬಿಚ್ಚುವುದು ಒಂದು ಮಧ್ಯಾಹ್ನದ ಕೆಲಸ, ನೀವೇ ಮಾಡಬಹುದು. ರಿಂಗನ್ನು ಪಿಸ್ಟನ್ನಿನಿಂದ ತೆಗೆದು ಬೋರಿನೊಳಗೆ ನೆಟ್ಟಗೆ ಕೂರಿಸಿ, ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. ಹೊಸದರಲ್ಲಿ 0.2 ಮಿ.ಮೀ. ಹತ್ತಿರ ಇರುತ್ತದೆ, ಅರ್ಧ ಮಿಲಿಮೀಟರ್ ದಾಟಿದರೆ ರಿಂಗ್ ಬದಲಿಸಿ. ಗೀರು ಬಿದ್ದಿದ್ದರೆ ಬೋರ್. ಓವರ್‌ಸೈಜ್ ಪಿಸ್ಟನ್‌ಗಳು 0.25, 0.50, 0.75, 1.00 ಮಿ.ಮೀ. ಹೀಗೆ ಸಿಗುತ್ತವೆ. ಮೊದಲು ಪಿಸ್ಟನ್ ಕೊಂಡು, ಅದನ್ನೇ ಲೇತಿನವನ ಕೈಗಿಟ್ಟು "ಇದಕ್ಕೆ ತಕ್ಕ ಹಾಗೆ ಮಾಡಣ್ಣ" ಎನ್ನಿ. ಬೋರ್ ಆದ ಮೇಲೆ ಪೋರ್ಟುಗಳ ಅಂಚು ಕತ್ತಿಯಂತಿರುತ್ತದೆ, ಅದನ್ನು ನಯವಾಗಿ ಉಜ್ಜಿಸಲೇಬೇಕು. ಇಲ್ಲದಿದ್ದರೆ ಹೊಸ ರಿಂಗು ಅಲ್ಲಿಗೇ ಸಿಕ್ಕಿ ತುಂಡಾಗುತ್ತದೆ. ಪಿಸ್ಟನ್ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ, ರಿಂಗಿನ ತುದಿಗಳು ರಿಂಗ್ ಕೂರುವ ಕೊರಕಲಿನ ಸಣ್ಣ ಪಿನ್ನಿನ ಜಾಗಕ್ಕೆ, ಸರ್ಕ್ಲಿಪ್ಪು (ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ತಂತಿಬಳೆ) ಯಾವಾಗಲೂ ಹೊಸದು. ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕ್ ಕೋಣೆಯ ಬಾಯಿಗೆ ಬಟ್ಟೆ ತುರುಕಿ, ಕೈಜಾರಿ ಅದು ಒಳಗೆ ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಎಕ್ಸಾಸ್ಟ್ ಪೋರ್ಟಿನ ಮಸಿಯನ್ನು ಮರದ ಚೂರಿನಿಂದ ಕೆರೆಯಿರಿ.

ಜೋಡಿಸಿದ ಮೇಲೆ ಮತ್ತೊಮ್ಮೆ ಬಿ.ಪಿ. ನೋಡಿ. ಆಮೇಲೆ ಬಿಸಿ ಮಾಡಿ ಪೂರ್ತಿ ತಣಿಸುವುದು ಮೂರು ಸಲ. ಮೊದಲ ಎರಡು ಟ್ಯಾಂಕ್ ಪೆಟ್ರೋಲ್ ಮುಗಿಯುವವರೆಗೆ ಥ್ರಾಟಲ್ ಅರ್ಧ ದಾಟದಿರಲಿ.

ಮಳೆಗಾಲಕ್ಕೆ

ಜೂನಿನಲ್ಲಿ ಜಡಿಮಳೆ ಹಿಡಿದ ಮೇಲೆ ಗಾಡಿ ನಿಲ್ಲಿಸುವುದಾದರೆ ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ ಪೆಟ್ರೋಲ್ ಪೂರ್ತಿ ಬಸಿಯಿರಿ. ಟ್ಯಾಂಕ್ ಖಾಲಿ ಮಾಡಿ, ಒಳಗೆ ಸ್ವಲ್ಪ ಟೂಟಿ ಆಯಿಲ್ ಹಾಕಿ ಅಲ್ಲಾಡಿಸಿ, ತುಕ್ಕು ಹಿಡಿಯುವುದಿಲ್ಲ. ಪ್ಲಗ್ ತೆಗೆದು ಒಂದು ಚಮಚ ಎಣ್ಣೆ ಬಿಟ್ಟು ನಾಲ್ಕು ಸಲ ನಿಧಾನಕ್ಕೆ ಕಿಕ್ಕರ್ ಒತ್ತಿ. ಕಣಜ ಬಂದು ಮಣ್ಣಿನ ಗೂಡು ಕಟ್ಟದಂತೆ ಸೈಲೆನ್ಸರ್ ಬಾಯಿಗೂ ಏರ್ ಬಾಕ್ಸಿಗೂ ಬಟ್ಟೆ ತುರುಕಿ, ತುರುಕಿದ್ದೇನೆಂದು ಒಂದು ಚೀಟಿ ಬರೆದು ಹ್ಯಾಂಡಲಿಗೆ ಕಟ್ಟಿ. ನಾನು ಒಂದು ವರ್ಷ ಕಟ್ಟಿರಲಿಲ್ಲ. ಅಕ್ಟೋಬರಿನಲ್ಲಿ ನಲವತ್ತು ಕಿಕ್ ಹೊಡೆದ ಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಹಿಂದೆ ಹೋಗಿ ನೋಡಿದ್ಯಾ ಮಾರಾಯ?"